ಅತ್ತೆ ಹಾಕಿದ ಗಂಟುಗಳು

ಆ ದಿನ ನಮ್ಮ ಮನೆಯಲ್ಲಿ ಗೋಧಿ ಹುಗ್ಗಿ ಮಾಡಿದ್ದೆವು. ಹಬ್ಬವೇನೂ ಇರಲಿಲ್ಲ. ಎರಡು ವರ್ಷ ತುಂಬಲು ಬಂದಿದ್ದ ನನ್ನ ಮಗಳು ಭಾಗ್ಯಾ ಇನ್ನೂ ಗೋಡೆ ಹಿಡಿದು ನಿಲ್ಲುತ್ತಿರಲಿಲ್ಲ, ಅದಕ್ಕೆ ಮಾಡಿದ್ದೆವು. ಅತ್ತೆ ಹುಗ್ಗಿಯ ಮೇಲೆ ತುಪ್ಪ ಬಿಟ್ಟು, ಬೆರಳ ತುದಿಯಲ್ಲಿ ಒಂದೊಂದೇ ತುತ್ತು ಕೂಸಿನ ಬಾಯಿಗಿಡುತ್ತಿದ್ದರು. "ತಿನ್ನ ನನ್ನವ್ವಾ, ಗೋದಿ ತಿಂದ್ರ ಕಾಲಾಗ ಬಲಾ ಬರತೈತಿ." ನಾನು ಪಕ್ಕದಲ್ಲಿ ಕೂತು ಕೂಸಿನ ಬಾಯಿ ಒರೆಸುತ್ತಿದ್ದೆ. ಒಂದು ತಟ್ಟೆ ಪೂರ್ತಿ ತಿಂದಳೆಂದು ಇಬ್ಬರಿಗೂ ಸಮಾಧಾನವಾಯಿತು. ಮರುದಿನ ಜಮಖಂಡಿಯ ಡಾಕ್ಟರ ಹತ್ತಿರ ಹೋದೆವು. ಅಂದಿನಿಂದ ನಮ್ಮ ಅಡುಗೆಮನೆ ಮೊದಲಿನಂತೆ ಉಳಿಯಲಿಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಇವತ್ತು ಬೆಳಿಗ್ಗೆ ಚಳಿಗೆ ಕಂಬಳಿ ಬೇಕೆಂದು ಟ್ರಂಕು ತೆಗೆದೆ. ಉಣ್ಣೆಯ ವಾಸನೆಯ ಜೊತೆಗೆ ಮಡಿಕೆಯೊಳಗಿಂದ ಒಂದು ಉದ್ದನೆಯ ಉಣ್ಣೆ ದಾರ ಜಾರಿ ಬಿತ್ತು. ತುಂಬ ಗಂಟುಗಳು, ಗಂಟುಗಂಟಿಗೂ ಒಂದೊಂದು ಚೂರು ಉಣ್ಣೆ, ಕೆಲವು ಬಿಳಿ, ಕೆಲವು ಕರಿ. ಅತ್ತೆ ಹೋದ ಮೇಲೆ ಇದು ಎರಡನೆಯ ಚಳಿಗಾಲ. ಈ ದಾರ ಎಲ್ಲಿಟ್ಟಿದ್ದರೋ ಎಂದು ಹುಡುಕಿ ಹುಡುಕಿ ಬಿಟ್ಟಿದ್ದೆ.

ನೀವು ನಮ್ಮ ಕಡೆಯವರಾದರೆ ಗೋಧಿಯ ದೊಡ್ಡಸ್ತಿಕೆ ನಿಮಗೆ ಹೇಳಬೇಕಾಗಿಲ್ಲ. ಜೋಳದ ರೊಟ್ಟಿ ದಿನದ ಊಟ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೀಗರು ಬಂದರೆ ಗೋಧಿ, ಬಾಣಂತಿಗೆ ಗೋಧಿ, ಸೊರಗಿದವರಿಗೆ ಗೋಧಿ. ಕುರಿ ಕಾಯ್ದುಕೊಂಡಿದ್ದ ಮನೆತನ ನಮ್ಮದು. ಹಿಪ್ಪರಗಿ ಬ್ಯಾರೇಜಿನ ನೀರು ಹೊಲಕ್ಕೆ ಬಂದು, ಜೋಳ ಬೆಳೆಯುತ್ತಿದ್ದಲ್ಲಿ ಕಬ್ಬು ನಿಂತ ಮೇಲೆ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿತು. ಆ ಸುಖದಲ್ಲಿ ಕೂಸಿಗೆ ಗೋಧಿ ಸಜ್ಜಕ, ಚಪಾತಿ, ಬಿಸ್ಕೀಟು ತಪ್ಪದೆ ಕೊಟ್ಟೆವು. ಕೊಟ್ಟಷ್ಟೂ ಅವಳು ಸೊರಗಿದಳು. ಹೊಟ್ಟೆ ಡೊಳ್ಳಿನಂತೆ, ಕಾಲು ಕಡ್ಡಿಯಂತೆ. ಅತ್ತೆ ತೊಡಿಸಿದ್ದ ಕರಿಬಳೆ ಮೊಣಕೈ ದಾಟಿ ರಟ್ಟೆಯವರೆಗೂ ಏರುತ್ತಿತ್ತು. ವರ್ಷದ ಕೂಸಾಗಿದ್ದಾಗ ಅಜ್ಜಿಯನ್ನು "ಆಯಿ" ಎನ್ನುತ್ತಿದ್ದವಳು ಅದನ್ನೂ ಬಿಟ್ಟುಬಿಟ್ಟಿದ್ದಳು.

ಮಿರಜಿನಿಂದ ಬಂದ ರಕ್ತದ ವರದಿ ನೋಡಿ ಜಮಖಂಡಿಯ ಡಾಕ್ಟರು, ಗೋಧಿ ಈ ಕೂಸಿನ ಕರುಳಿಗೆ ಆಗಿಬರುವುದಿಲ್ಲ, ಒಂದು ಚೂರೂ ಕೊಡಬೇಡಿ ಎಂದರು. ದಿನವೂ ಏನು ತಿಂದಳು, ಹೊಟ್ಟೆ ಹೇಗಿತ್ತು, ಹೊಸದಾಗಿ ಏನು ಮಾಡಿದಳು ಎಂದು ಬರೆದು ತರಲು ಹೇಳಿದರು. ಬರೆಯುವುದೆಂದರೆ ನನ್ನ ಕೆಲಸ. ಏಳನೆಯ ಇಯತ್ತೆ ಪಾಸಾದವಳು ಮನೆಯಲ್ಲಿ ನಾನೊಬ್ಬಳೇ. ಹೊಸ ವಹಿ ತಂದು, ಪಟ್ಟಿ ಹಿಡಿದು ಗೆರೆ ಎಳೆದು, ಮೂರು ಕಾಲಂ ಮಾಡಿದೆ. ಕೂಸಿಗಿಂತ ಆ ಗೆರೆಗಳ ಮೇಲೆಯೇ ನನಗೆ ಹೆಚ್ಚು ಅಭಿಮಾನ ಇತ್ತೇನೋ.

ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಉಣ್ಣೆ ನೂಲುತ್ತ ನನ್ನ ಸಡಗರ ನೋಡಿ, "ನೀ ಬರಿ ಬೇ, ನಾ ಗಂಟ ಹಾಕತೇನಿ" ಎಂದರು. ಸಂಜೆ ದೀಪ ಹಚ್ಚಿದ ಮೇಲೆ ದಿನಕ್ಕೊಂದು ಗಂಟು. ಕೂಸಿನ ಹೊಟ್ಟೆ ಸರಿಯಿದ್ದ ದಿನ ಅದರಲ್ಲಿ ಬಿಳಿ ಉಣ್ಣೆ, ಕೆಟ್ಟ ದಿನ ಕರಿ ಉಣ್ಣೆ. ಕೂಸು ಹೊಸದೇನಾದರೂ ಮಾಡಿದರೆ ಗಂಟು ದಪ್ಪ.

ಮೊದಲ ಕೆಲವು ದಿನ ಬಿಳಿಯೇ ಬಂತು. ಕೂಸು ನಿದ್ದೆ ಮಾಡಿತು, ತಾನಾಗಿ ಕೈ ಚಾಚಿ ರೊಟ್ಟಿ ಬೇಡಿತು. ಆಮೇಲೆ ಎರಡು ದಿನ ಕರಿ. ಮತ್ತೆ ಬಿಳಿ, ಮತ್ತೆ ಎರಡು ಕರಿ. ಎರಡು ತಿಂಗಳಾದರೂ ಕಾಲಿಗೆ ಬಲ ಬರಲಿಲ್ಲ. ವಹಿ ತಿರುವಿ ತಿರುವಿ ನೋಡಿದೆ. ಎಲ್ಲ ದಿನವೂ ಅದೇ ಜೋಳದ ರೊಟ್ಟಿ, ಅದೇ ಹೆಸರುಬೇಳೆ. ಹಾಗಾದರೆ ನಾನು ಹೊಲಕ್ಕೆ ಹೋದಾಗ ಮನೆಯಲ್ಲಿರುವವರು ಯಾರು? ಮೊಮ್ಮಗಳು ಅತ್ತರೆ ತಡೆಯದವರು ಯಾರು? ಒಂದು ಮಧ್ಯಾಹ್ನ ಅತ್ತೆ ಎಮ್ಮೆಗೆ ನೀರು ಕುಡಿಸಲು ಹೋದಾಗ ಅವರ ಎಲೆಅಡಿಕೆಯ ಸಂಚಿ ಬಿಚ್ಚಿ, ಬಿಸ್ಕೀಟು ಸಿಗುತ್ತದೇನೋ ಎಂದು ಹುಡುಕಿದೆ. ಬಾಗಿಲಲ್ಲಿ ನೆರಳು ಬಿತ್ತು.

"ಅಡಿಕಿ ಬಿಟ್ರ ಏನಿಲ್ಲ ಅದರಾಗ," ಎಂದರು ಅತ್ತೆ. "ಬೇಕಂದ್ರ ಒಂದ ಹೋಳು ತಗೋ."

ಅಷ್ಟೇ. ಸಿಟ್ಟಿಲ್ಲ, ಅಳುವಿಲ್ಲ. ನಾನೇ ಮೂರು ದಿನ ಅವರ ಮುಖ ನೋಡಲಿಲ್ಲ. ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತಿದ್ದಾಗ ಅವರೇ ಬಂದು ಪಕ್ಕದಲ್ಲಿ ಕೂತು, ಮಣಿ ಎಣಿಸುವಂತೆ ದಾರವನ್ನು ಬೆರಳಲ್ಲಿ ಸರಿಸಿದರು.

"ಇಲ್ಲಿ ನೋಡ ತಂಗಿ. ಎರಡ ಕರಿ ಮುಗದ ಮರುದಿನ ಸಂತಿ ಐತಿ. ಸಂತಿ ಮುಂದ ನಮ್ಮ ಹಿಟ್ಟಿನ ಡಬ್ಬ್ಯಾಗ ಏನಿರತೈತಿ?"

"ತಳದಾಗ ಒಂದೀಟು ಹಿಟ್ಟ ಇರತೈತ್ರಿ."

"ಆ ತಳದ ಹಿಟ್ಟು ಗಿರಣ್ಯಾಗ ಯಾವಾಗ ಬಿದ್ದಿರತೈತಿ?"

ನನ್ನ ಕೈ ನಿಂತಿತು. ಸಂತೆಯ ದಿನವೇ ನಾವು ಜೋಳ ಬೀಸಿಸುತ್ತಿದ್ದೆವು. ಡಬ್ಬಿಯ ತಳಕ್ಕೆ ಬೀಳುವುದು ಎಲ್ಲಕ್ಕಿಂತ ಮೊದಲು ಬಂದ ಹಿಟ್ಟು. ನಮಗಿಂತ ಮುಂಚೆ ಬೀಸಿಸಿದವರ ಗೋಧಿ ಕಲ್ಲಿಗೆ ಹತ್ತಿ ಉಳಿದದ್ದು ಅದರಲ್ಲೇ ಬರಬೇಕು. ಇನ್ನೊಂದು ಮಾತನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಡಬ್ಬಿ ತಳ ಕಂಡಾಗ ನನ್ನ ರೊಟ್ಟಿ ಅಂಚು ಬಿರಿಯದೆ ಚೆನ್ನಾಗಿ ಬರುತ್ತಿದ್ದವು. ನನ್ನ ಕೈ ಪಳಗಿತೆಂದು ಒಳಗೊಳಗೇ ಹಿಗ್ಗಿದ್ದೆ. ಪಳಗಿಸಿದ್ದು ಗೋಧಿ.

ಮುಂದಿನ ಸಂತೆಗೆ ಅತ್ತೆ ತಾವೇ ಬಂದು ಗಿರಣಿಯಲ್ಲಿ ಕೂತರು. ಗೋಧಿ ಮುಗಿಯುತ್ತಲೇ ಕಲ್ಲು ನಿಲ್ಲಿಸದೆ ನಮ್ಮ ಜೋಳ ಸುರಿದದ್ದನ್ನು ಕಣ್ಣಾರೆ ಕಂಡು ಗಿರಣಿಯವನನ್ನು ಕೇಳಿದರು. ಅವನು ನಕ್ಕು, ಒಂದು ಹಿಡಿ ಗೋಧಿ ಬಿದ್ದರೆ ರೊಟ್ಟಿ ಛಲೋ ಆಗುತ್ತವೆ ಎಂದ. "ರೊಟ್ಟಿ ಬಡಿಯೂದು ನಿನ್ನ ಗಿರಣಿಗಿಂತ ಮೊದಲ ಕಲತೇನಪಾ," ಎಂದು ಅತ್ತೆ ಎದ್ದರು.

ನಮ್ಮ ಬೀಸುಕಲ್ಲಿನ ಮೇಲಿನ ಹೋಳು ನೀರಿನ ತೊಟ್ಟಿಯ ಮುಚ್ಚಳದ ಮೇಲೆ ಭಾರಕ್ಕೆಂದು ಕೂತಿತ್ತು. ಕೆಳಗಿನದು ದನದ ಕೊಟ್ಟಿಗೆಯಲ್ಲಿ ಸಗಣಿಯಡಿ ಹೂತಿತ್ತು. ನಮ್ಮ ಯಜಮಾನರು ಎರಡನ್ನೂ ಹೊತ್ತು ತಂದರು. ತೊಳೆದು, ಉಳಿ ಹೊಡೆಸಿ, ಹೊಸ ಗೂಟ ಹಾಕಿದೆವು. ಬೆಳಗಿನ ಜಾವ ನಾನೂ ಅತ್ತೆಯೂ ಎದುರು ಬದರು ಕಾಲು ಚಾಚಿ ಕೂತು ಒಂದೇ ಗೂಟ ಹಿಡಿದು ಬೀಸತೊಡಗಿದೆವು. ನನ್ನ ಅಂಗೈ ಬೊಕ್ಕೆ ಎದ್ದಿತು. ಅರವತ್ತು ದಾಟಿದ ಅತ್ತೆ ಒಂದು ದಿನವೂ ನೋವೆನ್ನಲಿಲ್ಲ. ನನ್ನ ಕೈ ಸೋತಾಗ ಅವರ ಕೈ ಜೋರಾಗುತ್ತಿದ್ದುದು ಗೂಟದಿಂದಲೇ ಗೊತ್ತಾಗುತ್ತಿತ್ತು. ಸಂಚಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಪ್ಪಾಯಿತು ಎಂದು ಒಂದು ಸಲ ಹೇಳಬಹುದಿತ್ತು. ಬಾಯಿ ಬರಲಿಲ್ಲ.

ಕರಿ ಉಣ್ಣೆ ನಿಂತಿತು. ಬೀಸುವಾಗ ಹಿಟ್ಟು ಉದುರುವುದನ್ನು ನೋಡಲು ತೆವಳಿಕೊಂಡು ಬರುತ್ತಿದ್ದ ಭಾಗ್ಯಾ ಒಂದು ದಿನ ಅತ್ತೆಯ ಭುಜ ಹಿಡಿದು ಎದ್ದು ನಿಂತಳು. ಒಂದು ದಪ್ಪ ಗಂಟು. ಆಮೇಲೊಂದು ದಿನ ಹಿಟ್ಟು ಮೆತ್ತಿದ ಬಾಯಲ್ಲಿ "ಆಯಿ" ಎಂದಳು. ಅತ್ತೆ ಬೀಸುವುದು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಕಣ್ಣಿಗೆ ಹಿಟ್ಟು ಬಿತ್ತೆಂದರು. ಕಲ್ಲಿನಿಂದ ಹೊಸ್ತಿಲವರೆಗೆ ನಡೆದ ದಿನ ಮೂರನೆಯದು. ಕರಿಬಳೆ ಮುಂಗೈಯಲ್ಲೇ ನಿಂತ ದಿನ ನಾಲ್ಕನೆಯದು. ಡಾಕ್ಟರು ನನ್ನ ವಹಿ ನೋಡಿ ಛಲೋ ಬರೆದಿದ್ದೀರಿ ಎಂದಾಗ ದಾರ ತೋರಿಸಿ ಅದರ ಸಂಗತಿ ಹೇಳಿದೆ. ಅವರು ಅದನ್ನು ಕೈಗೆ ತೆಗೆದುಕೊಂಡು ಒಂದೊಂದೇ ಗಂಟು ಸರಿಸಿ ನೋಡಿದರು.

ಈಗ ಭಾಗ್ಯಾ ಎಂಟನೆಯ ಇಯತ್ತೆ. ಸೈಕಲ್ ಮೇಲೆ ಶಾಲೆಗೆ ಹೋಗುತ್ತಾಳೆ, ನನಗಿಂತ ಎತ್ತರ. ಬೀಸುವಾಗ ಅತ್ತೆಯ ಜಾಗದಲ್ಲಿ ಕೂರುವವಳು ಅವಳೇ.

ಬೆಳಿಗ್ಗೆ ದಾರ ಸಿಕ್ಕ ಮೇಲೆ ಹಳೆಯ ವಹಿಯನ್ನೂ ತೆಗೆದು, ಗಂಟಿಗೊಂದು ದಿನದಂತೆ ಜೋಡಿಸಿ ನೋಡಿದೆ. ದಪ್ಪ ಗಂಟು ನಾಲ್ಕಲ್ಲ, ಐದು. ಮೊದಲನೆಯದು ತೀರ ಮುಂಚೆ, ಗೋಧಿ ಬಿಟ್ಟ ಎರಡನೆಯ ವಾರದಲ್ಲೇ ಇದೆ. ಅಂದು ನಾನು ಕಬ್ಬು ನಾಟಿಗೆ ಹೋಗಿದ್ದೆ. ವಹಿಯಲ್ಲಿ ನನ್ನದೇ ಅಕ್ಷರ: ಜೋಳದ ರೊಟ್ಟಿ, ಹೆಸರುಬೇಳೆ, ಹೊಟ್ಟೆ ಸರಿ, ಹೊಸದೇನಿಲ್ಲ. ಮಗಳನ್ನು ಕೇಳಿದರೆ, "ನನಗೇನ ನೆನಪಿರತೈತಿ ಯವ್ವಾ?" ಎಂದು ನಕ್ಕಳು.

ಪೆನ್ನು ತೆಗೆದು "ಹೊಸದೇನಿಲ್ಲ" ಎಂಬುದನ್ನು ಹೊಡೆದು ಹಾಕಿದೆ. ಆ ದಿನ ನನ್ನ ಕೂಸು ಏನು ಮಾಡಿತೆಂಬುದನ್ನು ಕಂಡವರು ಅತ್ತೆ ಒಬ್ಬರೇ. ಅದು ನನಗೆ ಗೊತ್ತಿಲ್ಲ.