ಅನಿಸಿಯಾ ಬಾಗಿಲಿಗೆ ಅಡ್ಡ ನಿಂತದ್ದು

ಹಿಂದೆ ಕಾನ್‌ಸ್ಟಾಂಟಿನೋಪಲ್ ಪಟ್ಟಣಕ್ಕೆ ಈಜಿಪ್ಟಿನಿಂದ ಗೋಧಿ ಬರುತ್ತಿತ್ತು. ರೊಟ್ಟಿಯನ್ನು ಅರಮನೆಯವರೇ ಪುಕ್ಕಟೆ ಹಂಚುತ್ತಿದ್ದರು. ಈಜಿಪ್ಟನ್ನು ಅರಬರು ಕಿತ್ತುಕೊಂಡ ಮೇಲೆ ಅನತೋಲಿಯದಿಂದ ಬಂತು. ಅದನ್ನು ತುರ್ಕರು ನುಂಗಿದ ಮೇಲೆ ಥ್ರೇಸಿನಿಂದ. ಈಗ ಅದೂ ಹೋಗಿ, ಸಾಮ್ರಾಜ್ಯವೆಂದರೆ ಹೆಚ್ಚುಕಡಿಮೆ ಒಂದು ಕೋಟೆ, ಅದರೊಳಗಿನ ಒಂದಿಷ್ಟು ಹೊಲ ಎನ್ನುವಂತಾಗಿತ್ತು. ಅನಿಸಿಯಾಳ ಗೋಧಿ ಬೆಳೆಯುತ್ತಿದ್ದದ್ದು ಯಾವನೋ ಮಂತ್ರಿಯ ಪಾಳುಬಿದ್ದ ಮಹಲಿನ ಅಂಗಳದಲ್ಲಿ. ಅಮೃತಶಿಲೆಯ ಕಂಬಗಳ ಮರೆಯಲ್ಲಿ ಬೆಳೆ ಚೆನ್ನಾಗಿಯೇ ಬರುತ್ತಿತ್ತು.

ಅವಳು ದೇವರ ಪೂಜೆಗೆ ರೊಟ್ಟಿ ಸುಡುವವಳು. ಹುಳಿ ಬಂದ ಹಿಟ್ಟಿನ ಮೇಲೆ ಮರದ ಅಚ್ಚು ಒತ್ತುತ್ತಿದ್ದಳು: ಕ್ರಿಸ್ತನಿಗೆ ಜಯ. ಸೇನೆ ಸೋತುಬಂದ ವಾರವೂ ಅದೇ ಅಚ್ಚು.

ಗಂಡ ಸಿಲ್ವೆಸ್ತ್ರೋಸ್ ಕೋಟೆಗೋಡೆಯ ಗಾರೆಯವನು. ಆ ಗೋಡೆಯನ್ನು ಸಾವಿರ ವರ್ಷದಿಂದ ಯಾರೂ ಮುರಿದಿಲ್ಲ ಎಂದು ಬೀಗುತ್ತಿದ್ದ. ಹಿಂದೊಮ್ಮೆ ರೋಮಿನ ಕಡೆಯ ಫ್ರಾಂಕರು ಒಳನುಗ್ಗಿ ಊರು ಸುಟ್ಟದ್ದನ್ನು ಯಾರಾದರೂ ನೆನಪಿಸಿದರೆ, "ಅವ್ರು ಸಮುದ್ರದ ಕಡೆಯಿಂದ ಬಂದಿದ್ದು. ಅದು ನಮ್ಮ ಗೋಡೆ ಅಲ್ಲ" ಎನ್ನುತ್ತಿದ್ದ.

ತುರ್ಕರ ಸುಲ್ತಾನ ಫಿರಂಗಿ ಎರಕ ಹೊಯ್ಯಿಸುತ್ತಿದ್ದಾನೆಂದು ತಿಳಿದು ನಮ್ಮ ಚಕ್ರವರ್ತಿ ರೋಮಿನ ಸಹಾಯ ಬೇಡಿದ. ಪೂಜೆಯಲ್ಲಿ ಪೋಪನ ಹೆಸರು ಹೇಳಿ, ನಮ್ಮೊಡನೆ ಒಂದಾಗಿ ಎಂದರು ರೋಮಿನವರು. ಅವರೋ ಪೂಜೆಗೆ ಹುಳಿಯಿಲ್ಲದ ಸಪ್ಪೆ ರೊಟ್ಟಿ ಇಡುವವರು. ಚಳಿಗಾಲದಲ್ಲಿ ದೊಡ್ಡ ದೇವಾಲಯದಲ್ಲಿ ಆ ಹೆಸರು ಹೇಳಿಯೂ ಆಯಿತು. ಶತ್ರು ಬಾಗಿಲಿಗೆ ಬರುವ ಹೊತ್ತಿಗೆ ನಾವು ಹಿಟ್ಟಿನ ಹುಳಿಗಾಗಿ ಮುಖ ನೋಡದಷ್ಟು ಜಗಳವಾಡಿದ್ದೆವು.

ಬೀದಿಯ ಪುರೋಹಿತ ನಿಕಾಂದ್ರೋಸ್ ಪೋಪನ ಹೆಸರು ಹೇಳಿದವರಲ್ಲಿ ಒಬ್ಬರು. ಅವರಿಗೆ ರೊಟ್ಟಿ ಕೊಡುವುದನ್ನು ಅನಿಸಿಯಾ ನಿಲ್ಲಿಸಿದಳು.

"ನಾನು ಈಗ್ಲೂ ಹುಳಿ ರೊಟ್ಟೀನೇ ಇಡ್ತೀನಲ್ಲಮ್ಮ."

"ಬಾಯಲ್ಲಿ ಪೋಪನ್ನ ಇಟ್ಕೊಂಡು ಇಡ್ತೀರಲ್ಲ ಗುರುಗಳೇ."

"ಹೆಸರು ಹೇಳಿದ್ರೆ ಹಡಗು ಬರುತ್ತಂತೆ."

"ಬಂತಾ?"

"ಇನ್ನೂ ಇಲ್ಲ."

ಈಸ್ಟರ್ ಹಬ್ಬದ ಮುಂಚಿನ ಉಪವಾಸದ ದಿನಗಳಲ್ಲಿ ಸಿಲ್ವೆಸ್ತ್ರೋಸ್ ಗೋಡೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಬದುಕುವುದಿಲ್ಲವೆಂದು ಅವನಿಗೇ ಗೊತ್ತಾಯಿತು. ಸಾಯುವ ಮುಂಚೆ ದೇವರ ರೊಟ್ಟಿ ಬಾಯಿಗೆ ಬೀಳಬೇಕು, ಅದೊಂದೇ ಅವನ ಆಸೆ.

"ನಿಕಾಂದ್ರೋಸ್ ಇಲ್ಲೇ ಇದಾರಲ್ಲೇ, ಕರಿ."

"ಅವ್ರು ಬೇಡ್ರೀ. ಪೋಪನ ಹೆಸರು ಹೇಳದ ಮಠದವ್ರನ್ನ ಕರ್ಕೊಂಡ್ ಬರ್ತೀನಿ."

ಮಠದ ಸನ್ಯಾಸಿ ಕಿಂಡಿಯಿಂದಲೇ ಕೇಳಿದರು. "ಪೋಪನ ಹೆಸರು ಹೇಳಿದ್ಮೇಲೆ ನಿನ್ನ ಗಂಡ ದೊಡ್ಡ ದೇವಾಲಯಕ್ಕೆ ಕಾಲಿಟ್ಟಿದ್ನಾ?"

"ದೀಪದ ಕೊಕ್ಕೆ ಕಿತ್ತು ಬಂದಿತ್ತು, ಕೂರಿಸೋಕೆ ಹೋಗಿದ್ರು."

"ಹಾಗಾದ್ರೆ ಮೈಲಿಗೆ. ಹಬ್ಬದ ತನಕ ಉಪವಾಸ ಮಾಡ್ಲಿ, ಆಮೇಲೆ ಬರ್ತೀನಿ."

"ಮೊನ್ನೆಯಿಂದ ಅವ್ರು ಏನೂ ತಿಂದಿಲ್ಲ ಸ್ವಾಮಿ."

"ಒಳ್ಳೇದಾಯ್ತು. ಶುರು ಆಗಿದೆ."

ಅವಳು ಮನೆಗೆ ಬಂದಾಗ ನಿಕಾಂದ್ರೋಸ್ ಕರೆಯದೆಯೇ ಬಂದು ಬೀಗ ಹಾಕಿದ ಬಾಗಿಲ ಹೊಸ್ತಿಲ ಮೇಲೆ ಕೂತಿದ್ದರು. ಮೇಲಂಗಿಯ ಕೆಳಗೆ ದೇವರ ರೊಟ್ಟಿಯ ಪವಿತ್ರ ಪಾತ್ರೆ. ಎದುರು ಮನೆಯ ಹೆಂಗಸರೆಲ್ಲ ಕೆಲಸ ಬಿಟ್ಟು ಅನಿಸಿಯಾ ಏನು ಮಾಡುತ್ತಾಳೋ ಎಂದು ನೋಡುತ್ತಿದ್ದರು. ಅವಳು ಅವರನ್ನು ದಾಟಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಒಳಗಿಂದ ಕೂಗ್ತಿದಾನಮ್ಮ."

"ನನಗೂ ಕೇಳಿಸ್ತಿದೆ."

ಇಬ್ಬರೂ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನ ದನಿ ನಿಂತಿತು. ನಿಕಾಂದ್ರೋಸ್ ಶಿಲುಬೆಯ ಗುರುತು ಹಾಕಿಕೊಂಡು ಎದ್ದುಹೋದರು. ಅನಿಸಿಯಾ ಮಾಡಿದ್ದೇ ಸರಿ ಎಂದು ಬೀದಿಯವರೆಲ್ಲ ಹೇಳಿದರು. ಅವಳೂ ಹಾಗೆಯೇ ಹೇಳಿಕೊಂಡಳು, ಆದರೆ ಅಂದಿನಿಂದ ಆ ಬಾಗಿಲನ್ನು ಹಗಲಿರುಳು ತೆರೆದೇ ಇಡುತ್ತಿದ್ದಳು.

ಮೇ ತಿಂಗಳ ಹೊತ್ತಿಗೆ ಫಿರಂಗಿಗಳು ಗೋಡೆಯನ್ನು ಒಡೆದುಹಾಕಿದ್ದವು. ಮರುದಿನ ತುರ್ಕರು ನುಗ್ಗುತ್ತಾರೆಂದು ಎಲ್ಲರಿಗೂ ತಿಳಿದಿದ್ದ ಸಂಜೆ, ಊರಿಗೆ ಊರೇ ದೊಡ್ಡ ದೇವಾಲಯಕ್ಕೆ ಹರಿಯಿತು. ಪೋಪನ ಕಡೆಯವರು, ಪೋಪನನ್ನು ಒಲ್ಲದವರು, ಹುಳಿಯವರು, ಸಪ್ಪೆಯವರು, ಎಲ್ಲರೂ ಭುಜಕ್ಕೆ ಭುಜ ತಾಗಿಸಿಕೊಂಡು ಅಳುತ್ತಿದ್ದರು. ಯಾರ ಕೈಯ ರೊಟ್ಟಿ ಎಂದು ಯಾರೂ ಕೇಳಲಿಲ್ಲ. ಅನಿಸಿಯಾ ನಿಂತ ಸಾಲಿನ ತುದಿಯಲ್ಲಿ ನಿಕಾಂದ್ರೋಸ್ ಇದ್ದರು. ಅವರು ದ್ರಾಕ್ಷಾರಸದಲ್ಲಿ ನೆನೆಸಿದ ದೇವರ ರೊಟ್ಟಿಯನ್ನು ಚಮಚದಲ್ಲಿ ಮುಂದೆ ಹಿಡಿದರು. ಅವಳು ಚಮಚವನ್ನು ಕೈಯಿಂದ ತಡೆದಳು.

"ನನಗೆ ಬೇಡ ಗುರುಗಳೇ. ಇದನ್ನ ನಮ್ಮ ಮನೆಯವ್ರಿಗೆ ಕೊಡಿ."

"ಸತ್ತೋರಿಗೆ ಕೊಡೋಕಾಗಲ್ಲಮ್ಮ" ಎಂದರು ನಿಕಾಂದ್ರೋಸ್, ಮೆಲ್ಲಗೆ. "ಬದುಕಿದ್ದಾಗ ತಂದಿದ್ದೆ."