ಮೂಲೆ ಮಗ್ಗದ ಕುಂಟು ಸದ್ದು

ದೆವ್ವ, ಶಕುನ, ಯಾರೋ ಕರೆದಂತಾಗುವುದು, ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಅತ್ತೆ ನನ್ನ ಮಕ್ಕಳಿಗೆ ದೃಷ್ಟಿ ತೆಗೆಯುವಾಗ ಉಪ್ಪು, ಮೆಣಸಿನಕಾಯಿ ತಂದುಕೊಡುತ್ತಿದ್ದವಳು ನಾನೇ. ಆದರೆ ಘಾಟಿಗೆ ಕೆಮ್ಮುತ್ತ ಒಳಗೊಳಗೇ ನಗುತ್ತಿದ್ದೆ. ಅಲ್ಲದೆ ಕೇಳಿದ ಕಥೆಗಳಲ್ಲೆಲ್ಲ ದೆವ್ವಗಳು ಬರುವುದು ರಾತ್ರಿ. ಎರಡು ಸಣ್ಣ ಮಕ್ಕಳ ತಾಯಿ ರಾತ್ರಿ ದಿಂಬಿಗೆ ತಲೆ ಕೊಟ್ಟಳೆಂದರೆ ಯಾವ ದೆವ್ವ ಬಂದು ಎದೆಯ ಮೇಲೆ ಕುಣಿದರೂ ಗೊತ್ತಾಗುವುದಿಲ್ಲ. ನನಗಾದದ್ದು ಹಾಡುಹಗಲಿನಲ್ಲಿ, ಬೇಸಿಗೆಯ ಮಧ್ಯಾಹ್ನ, ಎರಡೂ ಕೈಗೆ ಸಂಡಿಗೆ ಹಿಟ್ಟು ಮೆತ್ತಿಕೊಂಡಿದ್ದಾಗ.

ನನ್ನ ತವರು ಸಾವಳಗಿ. ನಮ್ಮವರು ಮಗ್ಗ ಬಿಟ್ಟು ಹೊಲ ಹಿಡಿದು ಎರಡು ತಲೆಮಾರಾಗಿತ್ತು, ಹಾಗಾಗಿ ನಾನು ಎತ್ತಿನ ಗಂಟೆ, ಟ್ರ್ಯಾಕ್ಟರ್ ಸದ್ದು ಕೇಳಿಕೊಂಡು ಬೆಳೆದವಳು. ಮದುವೆಯಾಗಿ ಬನಹಟ್ಟಿಗೆ ಬಂದರೆ ಪಡಸಾಲೆಯ ಹಿಂದೆಯೇ ನಾಲ್ಕು ಪವರ್‌ಲೂಮ್ ಮಗ್ಗಗಳು. ನಮ್ಮ ಮನೆಯಷ್ಟೇ ಅಲ್ಲ, ಇಡೀ ಓಣಿಯೇ ಖಟಪಟ ಖಟಪಟ. ಈ ಮನೆಯವರು ಯಾವಾಗಲೂ ಜಗಳವಾಡುತ್ತಾರಲ್ಲ ಎಂದು ಮೊದಲ ವಾರ ಹೆದರಿದ್ದೆ. ಜಗಳವಲ್ಲ, ಮಗ್ಗದ ಸದ್ದಿನ ಮೇಲೆ ಕೇಳಿಸಲೆಂದು ಮಾತೇ ಅಷ್ಟು ಗಟ್ಟಿ. ಚಹಾ ಕೇಳಿದರೂ ಬೈದಂತೆ. ವರ್ಷದೊಳಗೆ ನಾನೂ ಹಾಗೇ ಆದೆ. ಈಗ ತವರಿಗೆ ಹೋದರೆ ನಮ್ಮವ್ವ, "ಮೆಲ್ಲಕ ಮಾತಾಡ ಬೇ, ನಾವೇನ್ ಕಿವುಡ್ರಲ್ಲ" ಅನ್ನುತ್ತಾಳೆ.

ಈ ಊರಿನ ಕೂಸುಗಳದು ಇನ್ನೂ ಮಜಾ. ಬೇರೆ ಕಡೆ ಕೂಸು ಮಲಗಿದೆ, ಸದ್ದು ಮಾಡಬೇಡಿ ಎನ್ನುತ್ತಾರೆ. ಇಲ್ಲಿ ಮಗ್ಗ ನಡೆಯುತ್ತಿದ್ದರೆ ಕೂಸು ಮಲಗುತ್ತದೆ, ನಿಂತರೆ ಏಳುತ್ತದೆ. ಕರೆಂಟು ಹೋಯಿತೆಂದರೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತು ಒಂದು ಗಳಿಗೆ ಎಲ್ಲ ಸ್ತಬ್ಧ, ಮರುಗಳಿಗೆಗೆ ಮನೆಮನೆಯ ತೊಟ್ಟಿಲಿನಿಂದ ಅಳು. ಹೆಂಗಸರು ಕೈಯಲ್ಲಿದ್ದದ್ದನ್ನು ಬಿಟ್ಟು ಒಳಗೆ ಓಡುತ್ತೇವೆ. ಗಂಡಸರು ಅದೇ ಹೊತ್ತಿಗೆ ಹೊರಗೆ ಓಡುತ್ತಾರೆ. ಕಟಿಂಗು, ಬ್ಯಾಂಕು, ಗೆಳೆಯರ ಜೊತೆ ಚಹಾ, ಬೀಗರ ಮನೆಗೆ ಹೋಗಿ ಮುಖ ತೋರಿಸುವುದು, ಎಲ್ಲವೂ ಕರೆಂಟು ಹೋದಾಗಲೇ ಆಗಬೇಕು. ಕರೆಂಟು ಹೋದಾಗ ಮನೆಯಲ್ಲಿ ಕುಳಿತ ನೇಕಾರನನ್ನು ನಾನಂತೂ ಕಂಡಿಲ್ಲ.

ಆಗ ಮಗಳು ಪಲ್ಲವಿಗೆ ಐದು ವರ್ಷ, ಮಗ ಚನ್ನುವಿಗೆ ಒಂದೂವರೆ. ಇಬ್ಬರನ್ನು ಸಾಕುವುದೆಂದರೆ ಒಬ್ಬಳ ಜಡೆ ಹೆಣೆಯುವಷ್ಟರಲ್ಲಿ ಇನ್ನೊಬ್ಬ ಎಣ್ಣೆಯ ಬಾಟಲಿ ಬೋರಲು ಹಾಕಿರುತ್ತಾನೆ. ಅವನಿಗೆ ರೊಟ್ಟಿ ಹಾಲಿನಲ್ಲಿ ಕಿವುಚಿ ಕೊಡಬೇಕು, ಇವಳಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಬಳಿದು ಸುರುಳಿ ಸುತ್ತಿ ಕೊಡಬೇಕು. ಕೊಟ್ಟಮೇಲೆ ಅವನಿಗೆ ಇವಳದು ಬೇಕು, ಇವಳಿಗೆ ಅವನದು. ಶಾಲೆಯ ಆಟೋ ಬಂದು ಹಾರ್ನ್ ಹೊಡೆಯುವಾಗ ಪಲ್ಲವಿಯ ಒಂದು ಬೂಟು ಕಾಣೆಯಾಗಿರುತ್ತದೆ. ಹುಡುಕಿದರೆ ಅದು ತಮ್ಮನ ತೊಟ್ಟಿಲಿನಲ್ಲೋ ಜೋಳದ ಡಬ್ಬಿಯಲ್ಲೋ ಸಿಗುತ್ತದೆ. ದಿನಾ ಇದೇ. ಬೇಸರವಾಗುತ್ತಿತ್ತೇ ಎಂದರೆ ಆಗುತ್ತಿತ್ತು, ಆದರೆ ನಗುವೂ ಅಷ್ಟೇ ಬರುತ್ತಿತ್ತು. ಬೇಸರಪಡಲು ಪುರಸೊತ್ತು ಬೇಕಲ್ಲ.

ಮಗ್ಗಗಳ ವಿಷಯಕ್ಕೆ ಬರುತ್ತೇನೆ. ಕಿವಿ ಪಳಗಿದ ಮೇಲೆ ಒಂದೊಂದು ಮಗ್ಗದ ದನಿಯೂ ಬೇರೆ ಎಂದು ತಿಳಿಯುತ್ತದೆ. ನಮ್ಮಲ್ಲಿ ಮೂಲೆಯದು ಹಳೆಯದು, ನಾನು ಕಾಣದ ನಮ್ಮ ಮಾವನವರು ಕೊಂಡದ್ದು. ಅದಕ್ಕೊಂದು ಕುಂಟು ಇತ್ತು. ನಾಲ್ಕಾರು ಸಲ ಸರಿಯಾಗಿ ಖಟಕ್ ಪಟಕ್ ಅಂದು, ಒಮ್ಮೆ ತಡೆದು, 'ಖಟ್' ಎಂದು ಎಡವಿ ಮತ್ತೆ ನಡೆಯುತ್ತಿತ್ತು. ಚನ್ನುವಿನ ತೊಟ್ಟಿಲು ಆ ಗೋಡೆಯ ಈಚೆ ಬದಿಗೇ ಇತ್ತು, ಹುಟ್ಟಿದಾಗಿನಿಂದ ಅವನಿಗೆ ಅದೇ ಜೋಗುಳ. ಆ ಬೇಸಿಗೆಯ ಮೊದಲಿಗೆ ಮೇಸ್ತ್ರಿಯನ್ನು ಕರೆಸಿ ಸವೆದ ಚಕ್ರ ಬದಲಿಸಿದೆವು. "ಈಗ ಮದಿಮಗ ನಡದಂಗ ನಡೀತೈತಿ ನೋಡ್ರಿ" ಎಂದು ಹೇಳಿ ಹೋದ. ಖರೆ, ಕುಂಟು ಪೂರ್ತಿ ಹೋಯಿತು. ಆದರೆ ಅವತ್ತಿನಿಂದ ಕೆಲವು ದಿನ ನಮ್ಮ ಹುಡುಗ ಮಧ್ಯಾಹ್ನ ಕಣ್ಣು ಮುಚ್ಚಲಿಲ್ಲ. ತೊಟ್ಟಿಲಿಗೆ ಹಾಕಿದರೆ ಎದ್ದು ಕುಳಿತು ಗೋಡೆ ನೋಡುತ್ತಿದ್ದ. ಅತ್ತೆ ತಮ್ಮ ಮಗನ ಮೇಲೆ ಸಿಟ್ಟಾದರು. "ಕುಂಟ ಮಗ್ಗ ನೆಟ್ಟಗ ಮಾಡಿ ನನ್ನ ಮಮ್ಮಗನ ನಿದ್ದಿ ಕೆಡಿಸಿದ್ಯಲ್ಲೋ" ಎಂದು. ಕಡೆಗೆ ಹೊಸ ಸದ್ದಿಗೂ ಅವನು ಒಗ್ಗಿಕೊಂಡ.

ಅದಾದ ಕೆಲವು ದಿನಗಳ ಮಾತು. ಸಾಬುದಾನಿ ಸಂಡಿಗೆಯನ್ನು ಬೆಳಿಗ್ಗೆಯೇ ಇಟ್ಟು ಮುಗಿಸಬೇಕು. ಆದರೆ ಎರಡು ಮಕ್ಕಳ ತಾಯಿಯ ಬೆಳಿಗ್ಗೆ ಮುಗಿಯುವುದೇ ಮಧ್ಯಾಹ್ನಕ್ಕೆ. ಚನ್ನುವನ್ನು ತೊಟ್ಟಿಲಿಗೆ ಹಾಕಿ, ಅವನು ಮಲಗಿದ್ದನ್ನು ನೋಡಿ, ಹಿಟ್ಟಿನ ಪಾತ್ರೆ ಹೊತ್ತು ಮಾಳಿಗೆಗೆ ಹೋದೆ. ಪಲ್ಲವಿಗೆ ಶಾಲೆ ರಜೆ. ಕಾಗೆ ಓಡಿಸುವ ಕೆಲಸವನ್ನು ಅವಳಿಗೆ ಕೊಟ್ಟಿದ್ದೆ. ಅವಳು ಕಾಗೆ ಓಡಿಸುವುದಕ್ಕಿಂತ ಹಸಿ ಸಂಡಿಗೆ ನೆಕ್ಕುವುದೇ ಹೆಚ್ಚಾಗಿತ್ತು. ಕೆಳಗೆ ಗಂಡ ಮಗ್ಗದ ಮುಂದೆ, ಅತ್ತೆ ಅಲ್ಲೇ ಕಂಡಿಕೆ ಸುತ್ತುತ್ತಿದ್ದರು. ಕಂಡಿಕೆ ಎಂದರೆ ಮಗ್ಗದಲ್ಲಿ ಆಚೆ ಈಚೆ ಓಡುವ ಲಾಳಿಯೊಳಗೆ ಇಡುವ, ನೂಲು ಸುತ್ತಿದ ಗೇಣುದ್ದದ ಕಡ್ಡಿ. ಖಾಲಿ ಕಂಡಿಕೆ ಚನ್ನುವಿನ ಆಟದ ಸಾಮಾನು. ಎಷ್ಟು ಬಣ್ಣದ ಗೊಂಬೆ ತಂದುಕೊಟ್ಟರೂ ಅವನಿಗೆ ಅದೇ ಬೇಕು.

ಹಾಸಿದ ಹಳೆ ಸೀರೆಯ ಅರ್ಧದಷ್ಟು ಸಂಡಿಗೆ ಇಟ್ಟಿದ್ದೆ, ಕರೆಂಟು ಹೋಯಿತು. ಓಣಿಯೆಲ್ಲ ತಣ್ಣಗಾಯಿತು. ಅಂಗಳದಿಂದ ಗಂಡನ ಕೂಗು ಬಂತು: "ಕರೆಂಟ್ ಹೋತು. ರಬಕವಿಗೆ ಹೋಗಿ ಬರ್ತೀನಿ." ನಾನು ಹೂಂ ಅನ್ನುವ ಮೊದಲೇ ಬೈಕು ಹೊರಟಿತ್ತು. ಇನ್ನು ಚನ್ನು ಅಳುತ್ತಾನೆ ಎಂದು ಕಿವಿ ಕೊಟ್ಟು ಕುಳಿತೆ. ಪಕ್ಕದ ಮನೆಯ ಕೂಸು ಅತ್ತಿತು, ಎದುರು ಮನೆಯದೂ ಅತ್ತಿತು, ನಮ್ಮವನದು ಸುದ್ದಿಯಿಲ್ಲ. ಪರವಾಗಿಲ್ಲ, ಮಗ ದೊಡ್ಡವನಾದ, ಸದ್ದಿಲ್ಲದೆಯೂ ಮಲಗುವುದನ್ನು ಕಲಿತ ಎಂದು ನನಗೆ ಖುಷಿಯೇ ಆಯಿತು. ಹೇಗೂ ಅತ್ತೆ ಕೆಳಗಿದ್ದಾರೆ. ಅವನು ಎದ್ದರೆ ಕೆಳಗಿದ್ದವರು ಎತ್ತಿಕೊಳ್ಳಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಅತ್ತೆಯೂ ಅಳು ಕೇಳದ್ದರಿಂದ ಅವನು ಮಲಗಿದ್ದಾನೆಂದೇ ತಿಳಿದು, ಗಾಳಿಗೆಂದು ಹೊರಗಿನ ಕಟ್ಟೆಗೆ ಹೋಗಿದ್ದರು. ಅದು ನನಗೆ ಆಮೇಲೆ ಗೊತ್ತಾದದ್ದು.

ಮತ್ತೆ ಸಂಡಿಗೆ ಇಡತೊಡಗಿದೆ. ಆಗ ಕೆಳಗೆ ಮಗ್ಗ ನಡೆಯತೊಡಗಿತು.

ಖಟಕ್ ಪಟಕ್, ಖಟಕ್ ಪಟಕ್. ಕರೆಂಟು ಇಷ್ಟು ಬೇಗ ಬಂತಲ್ಲ ಎಂದುಕೊಂಡೆ. ಒಂದೆರಡು ಸಂಡಿಗೆ ಇಟ್ಟೂ ಇಟ್ಟೆ. ಆಮೇಲೆ ಕೈ ನಿಂತಿತು. ಕರೆಂಟು ಬಂದರೆ ಇಡೀ ಓಣಿಯ ಮಗ್ಗಗಳು ಶುರುವಾಗಬೇಕು, ಇದು ಒಂದೇ. ಗಂಡ ಪಕ್ಕದೂರು ರಬಕವಿಗೆ ಹೋಗಿದ್ದಾರೆ, ಹಾಗಾದರೆ ನಡೆಸುತ್ತಿರುವವರು ಯಾರು? ಅಷ್ಟರಲ್ಲಿ ಸದ್ದು ಒಮ್ಮೆ ತಡೆಯಿತು, 'ಖಟ್' ಎಂದು ಎಡವಿತು, ಮತ್ತೆ ನಡೆಯಿತು. ರಿಪೇರಿಗೆ ಮೊದಲು ಎಡವುತ್ತಿತ್ತಲ್ಲ, ಥೇಟ್ ಹಾಗೆ. ನನಗೆ ಭಯವೇನೂ ಆಗಲಿಲ್ಲ. ಯಾರೋ ಮೂಲೆ ಮಗ್ಗ ಮುಟ್ಟಿ ಕೆಡಿಸುತ್ತಿದ್ದಾರೆ ಎಂದು ಸಿಟ್ಟು ಬಂತು ಅಷ್ಟೆ. ಹಿಟ್ಟಿನ ಕೈಯಲ್ಲೇ ಎದ್ದು ಮೆಟ್ಟಿಲು ಇಳಿದೆ. ಕೊನೆಯ ಮೆಟ್ಟಿಲಿನ ತನಕ ಸದ್ದು ಇತ್ತು. ಕಾಲು ನೆಲಕ್ಕೆ ಇಟ್ಟೆ, ನಿಂತಿತು.

ತೊಟ್ಟಿಲು ಖಾಲಿ. ಅವನು ತಾನಾಗಿ ತೊಟ್ಟಿಲಿನಿಂದ ಇಳಿಯುತ್ತಾನೆಂದು ನಮಗಾರಿಗೂ ಗೊತ್ತಿರಲಿಲ್ಲ. ಇಳಿಯುವುದನ್ನು ಅವನು ಕಲಿತದ್ದೇ ಅವತ್ತು. ಮಗ್ಗದ ಕೋಣೆಗೆ ಓಡಿದೆ. ಒಳಗೆ ಕತ್ತಲೆ ಕತ್ತಲೆ, ನಾಲ್ಕೂ ಮಗ್ಗ ಸುಮ್ಮನೆ ನಿಂತಿದ್ದವು. ಮೂಲೆ ಮಗ್ಗದ ಕೆಳಗೆ, ಹಿಂಬದಿಯಲ್ಲಿ, ಚನ್ನುವಿನ ಹಳದಿ ಅಂಗಿ ಕಂಡಿತು. ಹಾಯಾಗಿ ಕುಳಿತಿದ್ದಾನೆ. ಹಲ್ಲಿನ ಗಾಲಿಯ ಸಂದಿಗೆ ಒಂದು ಕಂಡಿಕೆ ಸಿಗಿಸಿ, ಅದನ್ನು ಒಳಗೆ ತಳ್ಳಲು ಅಂಗೈಯಿಂದ ಬಡಿಯುತ್ತಿದ್ದಾನೆ. ನನ್ನನ್ನು ನೋಡಿ ನಕ್ಕ.

ಕಾಲು ಹಿಡಿದೇ ಎಳೆದುಕೊಂಡೆ. ಎಳೆದದ್ದಕ್ಕೆ ಅವನು ಬಾಯಿ ತೆಗೆದು ಅಳು ಶುರುಮಾಡಿದ, ನಾನು ಅವನನ್ನು ಕಂಕುಳಿಗೆ ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ. ಆಗ ಕರೆಂಟು ಬಂತು. ಟ್ಯೂಬ್‌ಲೈಟ್ ಹತ್ತಿತು, ಓಣಿಯ ಮಗ್ಗಗಳು ಒಂದೊಂದಾಗಿ ಗದ್ದಲ ಎಬ್ಬಿಸತೊಡಗಿದವು, ಮತ್ತು ನಮ್ಮ ಮೂಲೆ ಮಗ್ಗ ತಾನೇ ನಡೆಯಿತು. ಗಂಡ ಅವಸರದಲ್ಲಿ ಮೂರು ಮಗ್ಗಗಳನ್ನು ಹ್ಯಾಂಡಲ್ ಇಳಿಸಿ ಬಂದ್ ಮಾಡಿ, ನಾಲ್ಕನೆಯದಾದ ಇದನ್ನು ಹಾಗೇ ಬಿಟ್ಟು ಹೋಗಿದ್ದರು. ಕಂಡಿಕೆ ಚಟ್ ಎಂದು ಮುರಿದು ಎರಡು ತುಂಡಾಗಿ ನನ್ನ ಕಾಲ ಬಳಿ ಬಿತ್ತು. ಮಗ್ಗಕ್ಕೆ ಎಳ್ಳಷ್ಟೂ ಕುಂಟು ಇರಲಿಲ್ಲ. ಮದುಮಗನ ಹಾಗೇ ನಡೆಯುತ್ತಿತ್ತು.

ಸ್ವಿಚ್ ಹೇಗೆ ಆರಿಸಿದೆನೋ ನೆನಪಿಲ್ಲ. ಅಲ್ಲೇ ನೆಲಕ್ಕೆ ಕುಳಿತೆ. ಅಳು ಕೇಳಿ ಅತ್ತೆ ಓಡಿ ಬಂದರು. ನನ್ನ ಮುಖ, ಮೊಮ್ಮಗನ ಬೆನ್ನಿಗೆಲ್ಲ ಮೆತ್ತಿದ ಸಂಡಿಗೆ ಹಿಟ್ಟು, ಮುರಿದ ಕಂಡಿಕೆ ನೋಡಿದರು.

"ಏನಾತ ಬೇ?"

"ಅತ್ತೀ, ಈಗ ಮಗ್ಗ ಯಾರು ನಡಿಸಿದ್ರು?"

"ಕರೆಂಟ ಇರಲಿಲ್ಲಲ್ಲ ಯವ್ವಾ, ಯಾರ್ ನಡಿಸ್ತಾರ?"

"ಮೂಲೀದು ಕುಂಟಾಕತ್ತಿತ್ತು. ನಾ ಕೇಳೇ ಇಳದು ಬಂದೆ."

ಅತ್ತೆ ಮಗ್ಗದ ಹತ್ತಿರ ಹೋಗಿ, ಸೆರಗಿನಿಂದ ಅದರ ಮರವನ್ನು ಒರೆಸಿದರು. ಆಮೇಲೆ ಕೂಸನ್ನು ನನ್ನಿಂದ ಇಸಿದುಕೊಂಡು, "ನಿಮ್ಮಜ್ಜ ಇದನ್ನ ಯಾರ ಕೈಗೂ ಬಿಡ್ತಿರಲಿಲ್ಲೋ" ಎಂದು ಅವನಿಗೇ ಹೇಳಿದರು.

ಗಂಡ ಬಂದಮೇಲೆ ಮುರಿದ ಕಂಡಿಕೆಯನ್ನು ಕೈಗಿಟ್ಟು ಎಲ್ಲ ಹೇಳಿದೆ. ಮಗನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಸದ್ದಿನ ವಿಷಯಕ್ಕೆ ಮಾತ್ರ, "ಯಾರರ ಜನರೇಟರ್ ಹಚ್ಚಿರಬೇಕು" ಎಂದರು. ಓಣಿಯಲ್ಲಿ ವಿಚಾರಿಸಿದೆ. ಜನರೇಟರ್ ಹಚ್ಚಿ ಮಗ್ಗ ನಡೆಸುವಷ್ಟು ಶ್ರೀಮಂತರು ಇಲ್ಲಿ ಯಾರಿದ್ದಾರೆಂದು ನನ್ನನ್ನೇ ನಗಾಡಿದರು. ಪಲ್ಲವಿಯನ್ನೂ ಕೇಳಿದೆ. ಅವಳು ನನ್ನ ಪಕ್ಕದಲ್ಲೇ ಇದ್ದವಳು.

"ಮಗ್ಗದ ಸಪ್ಪಳ ಕೇಳಿಸಿತೇನ?"

"ಇಲ್ಲ ಬೇ. ನೀ ಸುಮ್ನ ಎದ್ದು ಓಡಿದಿ." ತುಟಿ ನೆಕ್ಕುತ್ತ ಸೇರಿಸಿದಳು, "ಆಮ್ಯಾಲ ಕಾಗಿ ಎಲ್ಲಾ ಸಂಡಿಗಿ ತಿಂತು." ಅವಳ ಬಾಯಿಯ ಸುತ್ತ ಅಂಟಿದ ಹಿಟ್ಟು ನೋಡಿದರೆ ಆ ಕಾಗೆ ಯಾವುದೆಂದು ತಿಳಿಯುತ್ತಿತ್ತು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ನಕ್ಕಮೇಲೆ ಅಳುವೂ ಬಂತು. ಅವತ್ತು ಸಂಜೆಯತನಕ ಇಬ್ಬರನ್ನೂ ತೊಡೆಯಿಂದ ಇಳಿಸಲಿಲ್ಲ.

ಆಮೇಲೆ ಮನೆಯಲ್ಲಿ ಕೆಲವು ಬದಲಾವಣೆಗಳಾದವು. ಮಗ್ಗದ ಕೋಣೆಗೆ ಎರಡು ಮೊಳ ಎತ್ತರದ ಬಾಗಿಲು ಬಂತು, ಚಿಲಕ ಹೊರಗೆ. ಕರೆಂಟು ಹೋದರೆ ನಾಲ್ಕೂ ಹ್ಯಾಂಡಲ್ ಮುಟ್ಟಿ ನೋಡದೆ ಗಂಡ ಚಪ್ಪಲಿ ಮೆಟ್ಟುವುದಿಲ್ಲ. ಅತ್ತೆ ಅಮಾವಾಸ್ಯೆಯ ಪೂಜೆಯಲ್ಲಿ ಮೂಲೆ ಮಗ್ಗಕ್ಕೆ ಒಂದು ಕಾಯಿ ಹೆಚ್ಚಿಗೆ ಒಡೆಯುತ್ತಾರೆ. ನಾನು ನಂಬುವುದಿಲ್ಲ ಎನ್ನುತ್ತಲೇ ಆರತಿ ತಟ್ಟೆ ಹಿಡಿದು ನಿಲ್ಲುತ್ತೇನೆ, ಈಗ ನಗುವುದಿಲ್ಲ.

ಬಿಸಿಲಿಗೆ ಹಾಗೆ ಕೇಳಿಸಿರಬಹುದು, ತಾಯಿಯ ಮನಸ್ಸು ಎಂದು ನನಗೆ ನಾನೇ ಹೇಳಿಕೊಂಡು ಬಹುಮಟ್ಟಿಗೆ ಮರೆತೂ ಇದ್ದೆ. ಆದರೆ ಕೆಲವು ದಿನಗಳ ಹಿಂದೆ ಇನ್ನೊಂದು ನಡೆಯಿತು. ಚನ್ನುವಿಗೆ ಈಗ ನಾಲ್ಕು ತುಂಬಿದೆ. ಕರೆಂಟು ಹೋಗಿತ್ತು, ಅವನು ಪಡಸಾಲೆಯಲ್ಲಿ ಮಗ್ಗದ ಆಟ ಆಡುತ್ತಿದ್ದ. ಎರಡು ಮಣೆ ನಿಲ್ಲಿಸಿ, ನಡುವೆ ಕಂಡಿಕೆಯನ್ನು ಆಚೆ ಈಚೆ ದೂಡುತ್ತ, ಬಾಯಲ್ಲಿ ಸದ್ದು ಮಾಡುತ್ತಿದ್ದ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಖಟಕ್ ಪಟಕ್, ಖಟಕ್ ಪಟಕ್. ಒಮ್ಮೆ ತಡೆದ. 'ಖಟ್' ಅಂದ. ಮತ್ತೆ ಮುಂದುವರಿಸಿದ.

ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. "ಹಂಗ್ಯಾಕ ಅಂದಿ ಚನ್ನು? ಯಾರು ಕಲಿಸಿದ್ರು?"

ಇದೇನು ಕೇಳುತ್ತಾಳೆ ಎಂಬಂತೆ ನೋಡಿದ. "ಯಾರೂ ಇಲ್ಲ. ಮೂಲ್ಯಾಗಿನ ಮಗ್ಗ ಹಿಂಗ ಅಂತೈತಲ್ಲ ಬೇ."

ಅನ್ನುವುದಿಲ್ಲ. ಎರಡೂವರೆ ವರ್ಷದಿಂದ ಅದು ಒಮ್ಮೆಯೂ ಹಾಗೆ ಅಂದಿಲ್ಲ. ಅಂದರೆ ಒಂದೂವರೆ ವರ್ಷದ ಕೂಸಿನ ಕಿವಿಯಲ್ಲಿ ಆ ಜೋಗುಳ ಹಾಗೇ ಉಳಿದಿತ್ತೇ? ಹಾಗಾದರೆ ಅವತ್ತು ಎಚ್ಚರಾಗಿ, ಮಗ್ಗ ನಿಂತದ್ದನ್ನು ಕಂಡು, ಅಳುವ ಬದಲು ಅದನ್ನು ತಾನೇ ಬಾಯಲ್ಲಿ ನಡೆಸಿದನೇ? ಆಗ ಅವನಿಗೆ 'ಅವ್ವ' ಅನ್ನುವುದೂ ನೆಟ್ಟಗೆ ಬರುತ್ತಿರಲಿಲ್ಲ. ಬಂದಿತ್ತೆಂದೇ ಇಟ್ಟುಕೊಳ್ಳಿ, ಅಷ್ಟು ಸಣ್ಣ ಬಾಯಿಯ ಸದ್ದು ಎರಡು ಗೋಡೆ ದಾಟಿ, ಮೆಟ್ಟಿಲು ಹತ್ತಿ, ಮಾಳಿಗೆಯ ಮೇಲಿದ್ದ ನನಗೆ ದೊಡ್ಡ ಮಗ್ಗವಾಗಿ ಕೇಳಿಸಿದ್ದು ಹೇಗೆ? ಪಕ್ಕದಲ್ಲೇ ಇದ್ದ ಪಲ್ಲವಿಗೆ ಯಾಕೆ ಕೇಳಿಸಲಿಲ್ಲ?

ನನಗೆ ಗೊತ್ತಿಲ್ಲ. ಗೊತ್ತಿದ್ದವರು ಯಾರಾದರೂ ಹೇಳಿದರೆ ಕೇಳುತ್ತೇನೆ, ಆದರೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು, ನಮ್ಮದು ಮಗ್ಗದ ಮನೆ. ಅವತ್ತು ಪಡಸಾಲೆಯಲ್ಲಿ ನಾನು ರೊಟ್ಟಿಯ ಮಾತೇ ಮರೆತು ಅವನೆದುರು ಕುಳಿತುಬಿಟ್ಟೆ. ಮಣೆಯ ಆಚೆ ಬದಿಯಿಂದ ಚನ್ನು ಕಂಡಿಕೆ ದೂಡಿದ, ಈಚೆಯಿಂದ ನಾನು ದೂಡಿದೆ. ಕರೆಂಟು ಬರುವತನಕ ತಾಯಿ ಮಗ ಕೂಡಿ ಆ ಕುಂಟು ಮಗ್ಗವನ್ನು ನಡೆಸಿದೆವು.