ಅಜ್ಜಂಪುರದ ಕಲ್ಲುಬಾನಿಗೆ ಬಾರದ ಎತ್ತುಗಳು

ಕಡೂರಿನಲ್ಲಿ ಬೆಳಗಿನ ಪ್ಯಾಸೆಂಜರ್ ಹಿಡಿದು ಅಜ್ಜಂಪುರದಲ್ಲಿ ಇಳಿದಾಗ ಸಣ್ಣಗೆ ಮಳೆ ಜಿನುಗುತ್ತಿತ್ತು. ತರೀಕೆರೆಗೆ ಜೊತೆಗೆ ಬಾ ಎಂದು ಅಕ್ಕನ ಗಂಡ ರುದ್ರಪ್ಪನವರು ಕರೆಸಿದ್ದರು. ಸ್ಟೇಷನ್ ಎದುರಿಗೇ ಅವರ ಮೆಣಸಿನಕಾಯಿ ಮಂಡಿ. ಬುಕ್ಕಾಂಬುಧಿ ಕಡೆಯಿಂದ ಗಾಡಿ ಬಂದರೆ ಎತ್ತುಗಳಿಗೆ ಅಂಗಳದ ಕಲ್ಲುಬಾನಿಯಲ್ಲಿ ನೀರು, ಗಾಡಿಯವರಿಗೆ ಒಳಗೆ ಮುದ್ದೆ ಊಟ. ಅಲ್ಲಿ ಉಂಡವರು ಬೇರೆ ಮಂಡಿಯಲ್ಲಿ ಮಾಲು ಇಳಿಸುವ ಮಾತೇ ಇರಲಿಲ್ಲ. ಈ ಸಲ ಬಾನಿಯ ತಳದಲ್ಲಿ ಮಳೆನೀರಷ್ಟೇ ಇತ್ತು.

ತರೀಕೆರೆಗೆ ರಸ್ತೆಯಾಗಿ ಬಸ್ಸು, ಲಾರಿ ಓಡತೊಡಗಿದ್ದವು. ಆ ರಸ್ತೆ ಬೇಕೆಂದು ಅಮಲ್ದಾರರ ಕಚೇರಿಗೆ ಅಲೆದವರೂ, ಮೊದಲ ಬಸ್ಸಿಗೆ ಹಾರ ಹಾಕಿದವರೂ ಇದೇ ನಮ್ಮ ಭಾವ. ತರೀಕೆರೆಯ ವ್ಯಾಪಾರವೆಲ್ಲ ತಮ್ಮ ಸ್ಟೇಷನ್ನಿಗೆ ಹರಿದು ಬರುತ್ತದೆಂದು ಅವರ ಎಣಿಕೆ. ಬರುವ ದಾರಿಯಲ್ಲೇ ಹೋಗಲೂಬಹುದು ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ. ಈಗ ಬುಕ್ಕಾಂಬುಧಿಯ ಮಾಲೆಲ್ಲ ಲಾರಿಯಲ್ಲಿ ನೇರ ತರೀಕೆರೆ ಪೇಟೆಗೆ.

“ನಮ್ಮಲ್ಲೇ ಮಾಲು ಇಳಿಸ್ತಿದ್ದ ಬುಕ್ಕಾಂಬುಧಿ ಹಾಲಪ್ಪನ್ನ ಒಂದ್ಮಾತು ಕೇಳ್ಬೇಕು ಕಣಪ್ಪ,” ಎಂದರು ಭಾವ. “ಅವ್ನು ವಾಪಸ್ ಬಂದ್ರೆ ಆ ಊರೇ ಹಿಂದೆ ಬತ್ತದೆ. ಇಲ್ದಿದ್ರೆ ಮಂಡಿ ಬಾಗ್ಲು ಹಾಕೋದೇಯ.”

ಎಂಟಾಣೆ ಕೊಟ್ಟು ಟಿಕೆಟ್ ತೆಗೆದು ಬಸ್ಸಿನಲ್ಲಿ ನಿಂತೇ ಹೋದೆವು. ಟಾಪಿನ ತುಂಬ ಮೂಟೆ. ರಸ್ತೆ ಬಲು ಚೆನ್ನಾಗಿತ್ತು. ಅದನ್ನು ನೋಡಿಯೇ ನನ್ನ ಹೊಟ್ಟೆ ಉರಿಯಿತು.

ತರೀಕೆರೆ ಪೇಟೆಯಲ್ಲಿ ಹಾಲಪ್ಪ ಲಾರಿಯಿಂದ ಮೂಟೆ ಇಳಿಸುತ್ತಿದ್ದ. ಭಾವನನ್ನು ಕಂಡು ಅವನ ಮುಖ ಸಣ್ಣಗಾಯಿತು. ಆಮೇಲೆ ಓಡಿಬಂದು ಕೈ ಹಿಡಿದ.

“ಮೊದ್ಲು ತಿಂಡಿ ತಿನ್ನಿ ಸಾವ್ಕಾರ್ರೇ. ನಿಮ್ಮನೇಲಿ ಎಷ್ಟೊಂದು ವರ್ಷ ಉಂಡಿದೀನಿ. ಒಂದ್ಸಲ ನಾನು ಕೊಡಿಸ್ಬಾರ್ದಾ?”

ಭಾವ ಬೇಡವೆಂದರೂ ಬಿಡದೆ ಹೋಟೆಲಿಗೆ ಎಳೆದೊಯ್ದ. ಇಡ್ಲಿ ಬಂತು. ಭಾವ ಬಹಳ ಹೊತ್ತು ಎಲೆಯನ್ನೇ ನೋಡುತ್ತ ಕೂತರು. ಹಾಲಪ್ಪ ಚಟ್ನಿ ತಾನೇ ಬಡಿಸಿದ, ಇನ್ನೆರಡು ಹಾಕಿಸಿದ. ಕೊನೆಗೆ ಭಾವ ತಿಂದರು. ಮಳೆ, ಬೆಳೆ, ಮಕ್ಕಳ ಓದು ಮಾತಾಡಿಕೊಂಡು ಎದ್ದೆವು. ಬೇರೆ ಮಾತು ಬರಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಬೇಕಾದಷ್ಟು ಸೀಟಿತ್ತು. ನನಗೆ ತಡೆಯಲಾಗಲಿಲ್ಲ.

“ಕೇಳ್ಲೇ ಇಲ್ವಲ್ಲ ಭಾವ?”

“ಅವ್ನು ಹಾಕ್ಸಿದ್ದು ತಿಂದಾಯ್ತಲ್ಲಪ್ಪ. ಇನ್ನು ಯಾವ ಬಾಯಲ್ಲಿ ಕೇಳ್ಲಿ?”

ಅವರ ಮುಖ ನೋಡಲು ಸಂಕಟವಾಗಿ ನಾನು ಕಿಟಕಿಯತ್ತ ತಿರುಗಿದೆ. ಊರು ದಾಟಿದ ಮೇಲೆ ಮೂಟೆ ತುಂಬಿದ ಲಾರಿಯೊಂದು ಎದುರಾಯಿತು. ನಮ್ಮ ಖಾಲಿ ಬಸ್ಸು ಪಕ್ಕಕ್ಕೆ ಸರಿದು, ಅದು ತರೀಕೆರೆ ಕಡೆ ಹೋಗುವವರೆಗೂ ನಿಂತಿತ್ತು.